ಹಸಿ ಕಾಂಕ್ರೀಟಿಗೆ ಒಂದು ದಿನದ ಕಾವಲು

ಪಿಲ್ಲರಿನ ಹಲಗೆ ಬಿಚ್ಚುವ ದಿನ ಮೇಸ್ತ್ರಿ ನಿಮಗಿಂತ ಒಂದು ಗಂಟೆ ಮುಂಚೆ ಸೈಟಿಗೆ ಬಂದು, ಪಕ್ಕದಲ್ಲಿ ಬಾಂಡ್ಲಿ ತುಂಬ ಸಿಮೆಂಟ್ ಕಲಸಿಟ್ಟುಕೊಂಡು ಕೂತಿದ್ದರೆ ಸ್ವಲ್ಪ ಅನುಮಾನ ಪಡುವುದು ಒಳ್ಳೆಯದು. ನಮ್ಮ ಮನೆ ಕಟ್ಟುವಾಗ ಆದದ್ದು ಅದೇ. ನಾನು ಹೋಗುವಷ್ಟರಲ್ಲಿ ಐದು ಪಿಲ್ಲರುಗಳ ಬುಡವನ್ನು ನುಣ್ಣಗೆ ಸಾರಿಸಿ ಮುಗಿಸಿದ್ದರು. ಆರನೆಯದು ಉಳಿದಿತ್ತು. ನೆಲದಿಂದ ಒಂದು ಗೇಣು ಮೇಲೆ, ಮೂಲೆಯಲ್ಲಿ, ಜಲ್ಲಿ ಹಲ್ಲು ಕಿರಿದುಕೊಂಡು ನಿಂತಿತ್ತು. ಕಲ್ಲು ಕಲ್ಲಿನ ನಡುವೆ ಸಿಮೆಂಟೇ ಇಲ್ಲ. ಜೇಬಿನಲ್ಲಿದ್ದ ಪೆನ್ನು ತೂರಿಸಿ ನೋಡಿದೆ, ಕ್ಯಾಪಿನವರೆಗೂ ಹೋಯಿತು. ‘ಅದೇನೂ ಆಗಲ್ಲ ಸಾರ್, ಪ್ಲಾಸ್ಟರಿಂಗ್‌ನಲ್ಲಿ ಮುಚ್ಚೋಗುತ್ತೆ’ ಅಂದರು.

ಮುಚ್ಚಿಹೋಗುತ್ತದೆ, ಸುಳ್ಳಲ್ಲ. ಆ ಪೊಳ್ಳಿನೊಳಗೆ ನೀರು, ಗಾಳಿ ಸೇರಿ ಕಂಬಿಗೆ ತುಕ್ಕು ಹಿಡಿದು, ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುವುದಕ್ಕೆ ಎಷ್ಟೋ ವರ್ಷ ಬೇಕು. ಅಷ್ಟರಲ್ಲಿ ಗೃಹಪ್ರವೇಶವಾಗಿ, ಬಣ್ಣ ಎರಡು ಸಲ ಬದಲಾಗಿ, ಮೇಸ್ತ್ರಿಯ ಫೋನ್ ನಂಬರೂ ಬದಲಾಗಿರುತ್ತದೆ.

ಮನೆ ಕಟ್ಟುವವರು ಸಿಮೆಂಟಿನ ಬ್ರ್ಯಾಂಡಿಗೆ, ಕಂಬಿಯ ರೇಟಿಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೋಲ್ಡ್ ಹಾಕುವ ದಿನಕ್ಕೆ ಮುಹೂರ್ತ ನೋಡುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಕೆಲಸದವರಿಗೆ ಊಟ ಹಾಕಿಸುತ್ತಾರೆ, ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಆದರೆ ಕೊಂಡು ತಂದ ಒಳ್ಳೆಯ ಸಾಮಾನು ಒಳ್ಳೆಯ ಕಾಂಕ್ರೀಟ್ ಆಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮಿಕ್ಸರ್ ಶುರುವಾದ ಮೇಲಿನ ಆರೆಂಟು ಗಂಟೆಗಳಲ್ಲಿ. ಆ ಪಿಲ್ಲರ್ ನೋಡಿದ ಮೇಲೆ ನೆಂಟರಿಷ್ಟರ ಎಷ್ಟೋ ಸೈಟುಗಳಲ್ಲಿ ನಿಂತು ನೋಡಿದ್ದೇನೆ. ಕಲಸುವಾಗ ನೀರನ್ನು ಧಾರಾಳವಾಗಿ ಸುರಿಯುತ್ತಾರೆ, ಹಾಕಿ ಮುಗಿದ ಮೇಲೆ ಕುಡಿಸಬೇಕಾದ ನೀರಿಗೆ ಜುಗ್ಗತನ ಮಾಡುತ್ತಾರೆ. ಹಸಿ ಕಾಂಕ್ರೀಟಿನ ಮುಕ್ಕಾಲು ಪಾಲು ರೋಗದ ಮೂಲ ಈ ತಲೆಕೆಳಗಾದ ಲೆಕ್ಕ.

ಮುದ್ದೆಯೂ ಅಲ್ಲ, ಅಂಬಲಿಯೂ ಅಲ್ಲ

50 ಕಿಲೋದ ಒಂದು ಚೀಲ ಸಿಮೆಂಟ್ ಪೂರ್ತಿ ಗಟ್ಟಿಯಾಗಲು ಬೇಕಾದ ನೀರು ಸುಮಾರು 19–20 ಲೀಟರ್ ಅಷ್ಟೆ. ಅದಕ್ಕಿಂತ ಹೆಚ್ಚು ಹಾಕುವುದೆಲ್ಲ ಕಲಸಲು, ಸುರಿಯಲು, ಕಂಬಿಗಳ ನಡುವೆ ನುಗ್ಗಿಸಲು ಅನುಕೂಲವಾಗಲಿ ಎಂದು. ಕೆಲಸ ಮುಗಿದ ಮೇಲೆ ಆ ಹೆಚ್ಚಿನ ನೀರು ಆವಿಯಾಗಿ ಹೋಗುತ್ತದೆ, ಹೋದ ದಾರಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟು ಹೋಗುತ್ತದೆ. ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣವೇ ಕಾಂಕ್ರೀಟಿನ ಬಲವನ್ನು ನಿರ್ಧರಿಸುತ್ತದೆ ಎಂದು ಷಿಕಾಗೋದ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ನಮ್ಮ ಐಎಸ್ 456:2000 ಸಂಹಿತೆ, ಅಳತೆ ಪೆಟ್ಟಿಗೆಯಲ್ಲಿ ಅಳೆದು ಕಲಸುವ ಎಂ20 ದರ್ಜೆಯ ಕಾಂಕ್ರೀಟಿಗೆ ಚೀಲಕ್ಕೆ ಹೆಚ್ಚೆಂದರೆ 30 ಲೀಟರ್ ನೀರು ಎಂದು ಗೆರೆ ಎಳೆದಿದೆ. ಚೀಲಕ್ಕೆ 25 ಲೀಟರ್ ಹಾಕಿದ ಕಾಂಕ್ರೀಟಿಗೂ 35 ಲೀಟರ್ ಹಾಕಿದ ಕಾಂಕ್ರೀಟಿಗೂ ನಡುವೆ ಬಲ ಮೂರನೇ ಒಂದು ಪಾಲು ಇಳಿದುಹೋಗಬಹುದು. ಹತ್ತು ಲೀಟರ್ ಎಂದರೆ ಮುಕ್ಕಾಲು ಕೊಡ!

ಹೆಚ್ಚು ನೀರು ಹಾಕುವವರನ್ನು ಬೈಯುವ ಮೊದಲು ಅವರ ಕಷ್ಟವನ್ನೂ ನೋಡಬೇಕು. ಗಟ್ಟಿ ಕಾಂಕ್ರೀಟನ್ನು ಬಾಂಡ್ಲಿಯಲ್ಲಿ ಹೊತ್ತು, ಸಲಿಕೆಯಲ್ಲಿ ಎಳೆದು, ಮಟ್ಟಗೋಲಿನಲ್ಲಿ ಸಮ ಮಾಡುವುದು ಸೊಂಟ ಮುರಿಯುವ ಕೆಲಸ. ನೀರು ಜಾಸ್ತಿಯಾದರೆ ಅದು ತಾನೇ ಹರಿದು ಸಮವಾಗುತ್ತದೆ. ಗುತ್ತಿಗೆ ತೆಗೆದುಕೊಂಡ ತಂಡಕ್ಕೆ ಬೇಗ ಮುಗಿದಷ್ಟೂ ಲಾಭ. ಹಾಗಾಗಿ ಬರೀ ‘ನೀರು ಕಮ್ಮಿ ಹಾಕ್ರಪ್ಪಾ’ ಎಂದು ಮೇಲಿಂದ ಕೂಗಿದರೆ ನಡೆಯುವುದಿಲ್ಲ. ನಿಮ್ಮ ಮುಂದೆ ಹೂಂ ಅಂದು, ನೀವು ಟೀ ಕುಡಿಯಲು ಹೋದಾಗ ಪೈಪ್ ಬಿಡುತ್ತಾರೆ. ಪ್ಲಾಸ್ಟಿಸೈಜರ್ ಎಂಬ ದ್ರಾವಣವನ್ನು ಮೊದಲೇ ತಂದುಕೊಡಿ. ಚೀಲಕ್ಕೆ ಎಷ್ಟು ಮಿಲಿಲೀಟರ್ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುತ್ತದೆ. ಅಂದಾಜಿಗೆ ಸುರಿಯಬೇಡಿ, ಜಾಸ್ತಿಯಾದರೆ ಜಲ್ಲಿ ಬೇರೆ ಸಿಮೆಂಟಿನ ಸಾರ ಬೇರೆಯಾಗುತ್ತದೆ, ಗಟ್ಟಿಯಾಗುವುದೂ ತಡವಾಗುತ್ತದೆ. ಮಿಕ್ಸರ್ ಹತ್ತಿರ ಪೈಪ್ ಇಡಲೇಬೇಡಿ. ಒಂದು ಡ್ರಮ್ಮು, ಬಣ್ಣದಲ್ಲಿ ಗೆರೆ ಎಳೆದ ಎರಡು ಬಕೆಟ್ಟು ಸಾಕು. ಗೆರೆ ಎಲ್ಲಿರಬೇಕೆಂದು ಎಂಜಿನಿಯರ್ ಬೆಳಿಗ್ಗೆಯೇ ಹೇಳಲಿ.

ಆ ಗೆರೆ ಪ್ರತಿದಿನವೂ ಒಂದೇ ಕಡೆ ಇರುವುದಿಲ್ಲ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಮರಳಿನಲ್ಲೇ ನೀರಿದೆ. ಒಂದು ಚೀಲದ ಎಂ20 ಮಿಶ್ರಣಕ್ಕೆ ಸುಮಾರು 80 ಕಿಲೋ ಮರಳು ಬೀಳುತ್ತದೆ. ಅದರಲ್ಲಿ ನೂರಕ್ಕೆ ಐದರಷ್ಟು ತೇವವಿದ್ದರೂ ನಾಲ್ಕು ಲೀಟರ್ ನೀರು ಲೆಕ್ಕಕ್ಕೆ ಸಿಗದೆ ಒಳಸೇರಿತು. ಒದ್ದೆ ಮರಳಿಗೆ ಇನ್ನೊಂದು ಗುಣವಿದೆ, ಅದು ಉಬ್ಬುತ್ತದೆ. ನಾಲ್ಕೈದು ಶೇಕಡ ತೇವದಲ್ಲಿ ಮರಳಿನ ಗಾತ್ರ ಇಪ್ಪತ್ತೈದು ಶೇಕಡದವರೆಗೂ ಹಿಗ್ಗಬಹುದು. ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ, ಒಳಗೆ ಮರಳು ಐದನೇ ಒಂದು ಪಾಲು ಕಮ್ಮಿ ಇರುತ್ತದೆ. ಮರಳು ಕಮ್ಮಿಯಾದ ಕಾಂಕ್ರೀಟಿನಲ್ಲಿ ಜಲ್ಲಿಯ ಸಂದು ತುಂಬುವುದಿಲ್ಲ. ನನ್ನ ಪೆನ್ನು ತೂರಿದ ಆ ಪೊಳ್ಳಿಗೆ ಇದೂ ಒಂದು ಕಾರಣ ಇದ್ದೀತು, ಏಕೆಂದರೆ ಆ ವಾರವಿಡೀ ಮಳೆ.

ಎಂ-ಸ್ಯಾಂಡ್ ಬಂದ ಮೇಲೆ ನದಿ ಮರಳಿನ ಕಾಲದ ಕೈಅಂದಾಜು ಕೆಲಸಕ್ಕೆ ಬರುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನದಿಯಲ್ಲಿ ಉರುಳಿ ದುಂಡಾದ ಮರಳಿಗಿಂತ ಯಂತ್ರದಲ್ಲಿ ಒಡೆದ ಕಾಳು ಮೊನಚು, ಅದು ನೀರನ್ನು ಹೆಚ್ಚು ಬೇಡುತ್ತದೆ. ಅದರಲ್ಲಿ ಹಿಟ್ಟಿನಂಥ ಪುಡಿ ಎಷ್ಟಿರಬಹುದು ಎಂಬುದಕ್ಕೆ ಐಎಸ್ 383 ಮಿತಿ ಹಾಕಿದೆ. ಕ್ರಷರ್ ಧೂಳನ್ನೇ ಎಂ-ಸ್ಯಾಂಡ್ ಹೆಸರಲ್ಲಿ ಇಳಿಸಿಹೋಗುವ ಲಾರಿಗಳೂ ಇವೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅಂಗೈ ಬೂದಿ ಬಳಿದ ಹಾಗಾದರೆ ಲಾರಿ ವಾಪಸ್ ಕಳಿಸಿ.

ಕಲಸಿದ್ದು ಸರಿಯಾಗಿದೆಯೇ ಎಂದು ನೋಡಲು ಸ್ಲಂಪ್ ಕೋನ್ ಎಂಬ ತಗಡಿನ ಕೊಳವೆ ಇದೆ, 30 ಸೆಂಟಿಮೀಟರ್ ಎತ್ತರದ್ದು. ಅದರಲ್ಲಿ ಕಾಂಕ್ರೀಟ್ ತುಂಬಿ ಕೊಳವೆಯನ್ನು ಮೇಲೆತ್ತಿದಾಗ ಗುಡ್ಡೆ ಎಷ್ಟು ಕುಸಿಯಿತು ಎಂದು ಅಳೆಯುತ್ತಾರೆ. ಕಂಬಿ ಹೆಣೆದ ತಾರಸಿಗೆ, ಬೀಮಿಗೆ 75ರಿಂದ 100 ಮಿಲಿಮೀಟರ್ ಕುಸಿದರೆ ಸಾಕು. ಕೋನ್ ಇಲ್ಲದಿದ್ದರೆ ಕಣ್ಣಿದೆ. ಬಾಂಡ್ಲಿಯಿಂದ ಸುರಿದಾಗ ಅದು ರಾಗಿ ಮುದ್ದೆಯಂತೆ ಅಲ್ಲಾಡದೆ ಕೂರಬಾರದು, ಅಂಬಲಿಯಂತೆ ಓಡಲೂಬಾರದು. ಗುಡ್ಡೆಯಾಗಿ ಬಿದ್ದು, ಜಲ್ಲಿಯನ್ನು ತನ್ನ ಜೊತೆಗೇ ಕರೆದುಕೊಂಡು, ನಿಧಾನಕ್ಕೆ ಅಗಲವಾಗಬೇಕು. ಜಲ್ಲಿ ನಡುವೆ ಉಳಿದು ಬೂದು ನೀರು ಮಾತ್ರ ಅಂಚಿಗೆ ಹರಿದರೆ ಅದು ಕೆಟ್ಟಿತು.

ರೆಡಿಮಿಕ್ಸ್ ತರಿಸುವವರು ಲಾರಿಯ ಜೊತೆ ಬರುವ ಚೀಟಿಯನ್ನು ಓದಬೇಕು. ಪ್ಲಾಂಟಿನಲ್ಲಿ ತುಂಬಿದ ಹೊತ್ತಿನಿಂದ ಎರಡು ಗಂಟೆಯೊಳಗೆ ಲಾರಿಯಿಂದ ಇಳಿಸಿ ಮುಗಿಸಬೇಕು ಎಂಬುದು ಐಎಸ್ 4926ರ ಸಾಮಾನ್ಯ ನಿಯಮ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ತಡವಾದ್ದರಿಂದ ಬಿಗಿಯತೊಡಗಿದ ಕಾಂಕ್ರೀಟಿಗೆ ಡ್ರೈವರ್ ತನ್ನ ಲಾರಿಯ ಟ್ಯಾಂಕಿನಿಂದ ನೀರು ಬಿಡಲು ಹೊರಟರೆ ತಡೆಯಿರಿ. ಸಡಿಲ ಮಾಡಲೇಬೇಕಿದ್ದರೆ ಪ್ಲಾಂಟಿನ ತಂತ್ರಜ್ಞರು ದ್ರಾವಣ ಸೇರಿಸಲಿ.

ಜೇನುಗೂಡು

ನಮ್ಮ ಪಿಲ್ಲರಿಗೆ ಬಂದ ರೋಗಕ್ಕೆ ಕಟ್ಟಡದವರು ಹನಿಕೂಂಬ್ ಎನ್ನುತ್ತಾರೆ, ಜೇನುಗೂಡು. ಹೆಸರು ಸಿಹಿಯಾಗಿದೆ.

ಇದು ಬರುವುದು ಸಾಮಾನ್ಯವಾಗಿ ಪಿಲ್ಲರಿನ ಬುಡದಲ್ಲಿ, ಬೀಮು ಪಿಲ್ಲರ್ ಕೂಡುವ ಕಡೆ, ಬೀಮಿನ ತಳದಲ್ಲಿ. ಅಂದರೆ ಹೆಚ್ಚು ಭಾರ ಹೊರಬೇಕಾದ ಜಾಗಗಳಲ್ಲೇ. ಬುಡದಲ್ಲಿ ಯಾಕೆ? ಹಲಗೆ ನೆಲಕ್ಕೆ ಕೂರುವ ಕಡೆ ಸಂದು ಇರುತ್ತದೆ. ಮೂರು ಮೀಟರ್ ಎತ್ತರದ ಪಿಲ್ಲರಿಗೆ ಒಂದೇ ಸಮನೆ ಹಸಿ ಕಾಂಕ್ರೀಟ್ ತುಂಬಿದರೆ ಬುಡದ ಹಲಗೆಯ ಮೇಲೆ ಚದರ ಮೀಟರಿಗೆ ಏಳು ಟನ್ ಒತ್ತಡ ಬೀಳುತ್ತದೆ. ಆ ಒತ್ತಡಕ್ಕೆ ಸಿಮೆಂಟಿನ ಸಾರವೆಲ್ಲ ಸಂದಿಯಲ್ಲಿ ಸೋರಿ, ಚರಟದಂತೆ ಜಲ್ಲಿ ಉಳಿಯುತ್ತದೆ. ಹಲಗೆಯ ಹೊರಗೆ ಬೂದು ಬಣ್ಣದ ಕೆಸರು ಹರಿದು ಒಣಗಿದ್ದರೆ, ಒಳಗೆ ಜೇನುಗೂಡು ಇದೆ ಎಂದೇ ತಿಳಿಯಿರಿ. ಹಲಗೆ ಕೂರಿಸಿದ ಮೇಲೆ ಸಂದುಗಳಿಗೆ ಟೇಪ್ ಅಂಟಿಸುವುದೋ ಗಾರೆ ಮೆತ್ತುವುದೋ ಅರ್ಧ ಗಂಟೆಯ ಕೆಲಸ. ಬುಡದಲ್ಲಿ ಬಿದ್ದ ಮರದ ಹೊಟ್ಟು, ಬೈಂಡಿಂಗ್ ವೈರಿನ ತುಂಡು, ಬೀಡಿ, ಟೀ ಕಪ್ಪು ಎಲ್ಲ ಹೊರಗೆ ಬರಲಿ. ಟೀ ಕಪ್ಪು ತಮಾಷೆಗೆ ಹೇಳಿದ್ದಲ್ಲ. ಒಡೆದ ಪಿಲ್ಲರಿನೊಳಗೆ ನೋಡಿದ್ದೇನೆ.

ಎರಡನೆಯ ಕಾರಣ ಎತ್ತರದಿಂದ ಸುರಿಯುವುದು. ಹತ್ತಡಿ ಮೇಲಿಂದ ಬೀಳುವ ಕಾಂಕ್ರೀಟ್ ಕಂಬಿಗೆ ಬಡಿದು ಬಡಿದು, ಜಲ್ಲಿ ಮೊದಲು ತಳ ಸೇರಿ ಸಾರ ಆಮೇಲೆ ಬರುತ್ತದೆ. ಒಂದೂವರೆ ಮೀಟರಿಗಿಂತ ಮೇಲಿಂದ ಬೀಳಿಸಬಾರದು ಎಂಬುದು ಸಂಹಿತೆಯ ಸಲಹೆ. ಪಿಲ್ಲರಿನ ಒಂದು ಬದಿಯ ಹಲಗೆಯನ್ನು ಅರ್ಧದವರೆಗೆ ತೆರೆದಿಟ್ಟು, ಕೆಳಗಿನ ಅರ್ಧ ತುಂಬಿದ ಮೇಲೆ ಮುಚ್ಚಿ ಮೇಲಿನರ್ಧ ತುಂಬುವುದು ಹಳೆಯ ಮೇಸ್ತ್ರಿಗಳಿಗೆ ಗೊತ್ತಿರುವ ಉಪಾಯ. ಈಗ ಯಾರೂ ಮಾಡುವುದಿಲ್ಲ, ಕೇಳಿದರೆ ಮಾಡುತ್ತಾರೆ.

ಮೂರನೆಯದು ವೈಬ್ರೇಟರ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಬಾಡಿಗೆಗೆ ತಂದ ವೈಬ್ರೇಟರ್ ಎಲ್ಲ ಸೈಟಿನಲ್ಲೂ ಇರುತ್ತದೆ, ಸರಿಯಾಗಿ ಹಿಡಿಯುವವರು ಕಮ್ಮಿ. ಕಾಂಕ್ರೀಟಿನಲ್ಲಿ ಒಂದು ಶೇಕಡ ಗಾಳಿ ಹೆಚ್ಚು ಉಳಿದರೆ ಬಲ ಐದಾರು ಶೇಕಡ ಇಳಿಯುತ್ತದೆ. ಆ ಗಾಳಿಯನ್ನು ಓಡಿಸುವುದಷ್ಟೇ ಈ ಯಂತ್ರದ ಕೆಲಸ. ಸೂಜಿ ಎಂದು ಕರೆಯುವ ಅದರ ಅದುರುವ ತುದಿ ನೆಟ್ಟಗೆ ತನ್ನ ಭಾರಕ್ಕೆ ಬೇಗ ಇಳಿಯಬೇಕು, ಕೆಳಗಿನ ಪದರಕ್ಕೂ ನಾಲ್ಕು ಇಂಚು ಹೊಗಬೇಕು. ಐದರಿಂದ ಹದಿನೈದು ಸೆಕೆಂಡ್ ಇಟ್ಟು, ದೊಡ್ಡ ಗುಳ್ಳೆ ಬರುವುದು ನಿಂತು ಮೇಲ್ಮೈ ಹೊಳೆಯತೊಡಗಿದ ಕೂಡಲೇ ನಿಧಾನಕ್ಕೆ, ಸೆಕೆಂಡಿಗೆ ಮೂರು ಇಂಚಿನಂತೆ, ಮೇಲೆತ್ತಬೇಕು. ಸರ್ರನೆ ಎಳೆದರೆ ಅದು ಇದ್ದ ಜಾಗವೇ ಪೊಳ್ಳಾಗಿ ಉಳಿಯುತ್ತದೆ. ಒಂದಡಿಗೊಂದು ಸಲ ಇಳಿಸುತ್ತ ಹೋಗಬೇಕು, ಗದ್ದೆಯಲ್ಲಿ ನಾಟಿ ಮಾಡುವ ಹಾಗೆ, ಸಾಲು ತಪ್ಪದೆ. ನಮ್ಮಲ್ಲಿ ನಡೆಯುವುದು ಬೇರೆ: ಸೂಜಿಯನ್ನು ಅಡ್ಡ ಮಲಗಿಸಿ, ಕಾಂಕ್ರೀಟ್ ಗುಡ್ಡೆಯನ್ನು ಅದರಿಂದಲೇ ಮುಂದಕ್ಕೆ ಹರಿಸುತ್ತಾರೆ. ಅದರಿಂದ ಸಾರ ಮುಂದೆ ಓಡಿ ಜಲ್ಲಿ ಹಿಂದೆ ಉಳಿಯುತ್ತದೆ. ಗುಡ್ಡೆ ಸರಿಸಲು ಸಲಿಕೆ ಇದೆ.

ಕರೆಂಟ್ ಹೋಗುವುದು, ಸೂಜಿಯ ಕೇಬಲ್ ತುಂಡಾಗುವುದು ಇಂಥ ದಿನವೇ ಆಗುತ್ತದೆ. ಇನ್ನೊಂದು ಸೂಜಿ ಬಾಡಿಗೆಗೆ ತಂದಿಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ ಉದ್ದನೆಯ ಕಂಬಿಯಲ್ಲಿ ತಿವಿಯುತ್ತ, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಹಲಗೆ ತಟ್ಟುತ್ತ ಹೋದರೂ ಅರ್ಧ ಬಚಾವು. ಬೀಮು ಪಿಲ್ಲರ್ ಕೂಡುವ ಕಡೆ ಕಂಬಿ ದಟ್ಟವಾಗಿದ್ದು ಮುಕ್ಕಾಲು ಇಂಚಿನ ಜಲ್ಲಿ ನುಗ್ಗದಿದ್ದರೆ, ಅಲ್ಲಿಗೆ ಮಾತ್ರ ಅರ್ಧ ಇಂಚಿನ ಜಲ್ಲಿ ಹಾಕಿ ಕಲಸಿಸಿ.

ಇಷ್ಟೆಲ್ಲ ಮಾಡಿಯೂ ಜೇನುಗೂಡು ಬಂದರೆ? ಬೆರಳಿನ ದಪ್ಪದಷ್ಟೂ ಆಳವಿಲ್ಲದ ಸಣ್ಣ ಗುಳಿಗಳು, ನೀರಿನ ಗುಳ್ಳೆಯ ಕಲೆಗಳು ಚಿಂತೆಯ ವಿಷಯವಲ್ಲ. ಕಂಬಿ ಕಾಣುವಂತಿದ್ದರೆ, ಉಳಿ ತಾಗಿಸಿದರೆ ಜಲ್ಲಿ ಉದುರುವಂತಿದ್ದರೆ ಎಂಜಿನಿಯರ್ ನೋಡುವವರೆಗೆ ಮುಟ್ಟಬಾರದು. ಸಡಿಲವಾದದ್ದನ್ನೆಲ್ಲ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಒಡೆದು ತೆಗೆದು, ತೊಳೆದು, ತೇವ ಮಾಡಿ, ಕುಗ್ಗದ ಗ್ರೌಟ್ ಅಥವಾ ಮೈಕ್ರೋ ಕಾಂಕ್ರೀಟ್ ತುಂಬಬೇಕು. ನಮ್ಮ ಆರನೇ ಪಿಲ್ಲರಿನಲ್ಲಿ ಒಡೆಯುತ್ತ ಹೋದರೆ ಎರಡೂವರೆ ಇಂಚು ಒಳಗೆ ಗಟ್ಟಿ ಸಿಕ್ಕಿತು. ಆಮೇಲೆ ಸಾರಿಸಿದ್ದ ಐದನ್ನೂ ಕೆರೆಸಿದೆ. ಮೂರು ಚೆನ್ನಾಗಿದ್ದವು, ಎರಡರ ಕಥೆ ಆರನೆಯದೇ.

ಬಿರಿಯಾನಿ ಜಾಯಿಂಟ್

ತಾರಸಿಯ ಒಂದು ಭಾಗ ಹಾಕಿ, ಏನೋ ಕಾರಣಕ್ಕೆ ಕೆಲಸ ನಿಂತು, ಅದು ಬಿಗಿದ ಮೇಲೆ ಪಕ್ಕಕ್ಕೆ ಹೊಸ ಕಾಂಕ್ರೀಟ್ ಸುರಿದರೆ ಎರಡೂ ಒಂದಾಗುವುದಿಲ್ಲ. ಇದು ಕೋಲ್ಡ್ ಜಾಯಿಂಟ್. ಮಳೆಗಾಲದಲ್ಲಿ ತಾರಸಿಯ ಕೆಳಗೆ ಗೆರೆ ಎಳೆದಂತೆ ನೀರು ಜಿನುಗುವುದು ಬಹಳ ಸಲ ಇಲ್ಲೇ. ಡೀಸೆಲ್ ಖಾಲಿ, ಮಿಕ್ಸರಿನ ಬೆಲ್ಟ್ ತುಂಡು, ಜಲ್ಲಿ ಸಾಲದು, ಎಲ್ಲವೂ ಕಾರಣಗಳೇ. ಆದರೆ ನಾನು ಹೆಚ್ಚಾಗಿ ಕಂಡದ್ದು ಊಟದ ಜಾಯಿಂಟ್. ಮನೆಯವರು ಪ್ರೀತಿಯಿಂದ ಬಿರಿಯಾನಿ ಮಾಡಿಸಿರುತ್ತಾರೆ, ಇಪ್ಪತ್ತು ಜನವೂ ಒಟ್ಟಿಗೆ ಕೂರುತ್ತಾರೆ, ಉಂಡು ಎದ್ದು ಎಲೆ ಅಡಿಕೆ ಹಾಕಿ ಬರುವಷ್ಟರಲ್ಲಿ ಉರಿಬಿಸಿಲಿಗೆ ಅಂಚು ಬಿಗಿದಿರುತ್ತದೆ. ಊಟ ಧಾರಾಳವಾಗಿ ಹಾಕಿ, ಎರಡು ಪಂಕ್ತಿಯಲ್ಲಿ ಹಾಕಿ.

ಅಂಚು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಓಡುತ್ತಿರುವ ವೈಬ್ರೇಟರ್ ಸೂಜಿಯನ್ನು ಅದರ ಮೇಲಿಡಿ. ತನ್ನ ಭಾರಕ್ಕೇ ಇಳಿದು, ಎತ್ತಿದಾಗ ಗುಳಿ ಮುಚ್ಚಿಕೊಂಡರೆ ಹೊಸದನ್ನು ಹಾಕಬಹುದು. ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸುವುದೇ ಸರಿ. ನಿಲ್ಲಿಸುವ ಜಾಗವನ್ನು ಎಂಜಿನಿಯರ್ ಮೊದಲೇ ಗುರುತು ಹಾಕಿರಬೇಕು. ಸಾಮಾನ್ಯವಾಗಿ ಎರಡು ಬೀಮುಗಳ ನಡುವಿನ ಅಗಲವನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲಿನಲ್ಲಿ. ಇಳಿಜಾರಾಗಿ ಬಿಡದೆ ಪಟ್ಟಿ ಹಲಗೆ ನಿಲ್ಲಿಸಿ ನೆಟ್ಟಗೆ ಮುಗಿಸಬೇಕು. ಮರುದಿನ ಆ ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಸಿಮೆಂಟಿನ ಸಾರ ಬಳಿದು ಮುಂದುವರಿಸಬೇಕು.

ಸಂಜೆ ಮೂಡುವ ಬಿರುಕು

ಹಾಕಿದ ದಿನವೇ ತಾರಸಿಯ ಮೇಲೆ ಬಿರುಕು ಕಂಡರೆ ಮನೆಯವರ ಎದೆ ಒಡೆಯುತ್ತದೆ. ಎರಡು ಬಗೆ ಇವೆ, ನೋಡಿದರೆ ಗುರುತು ಸಿಗುತ್ತದೆ.

ಕಂಬಿ ಇದ್ದ ಕಡೆಯೇ, ಕಂಬಿಯ ನಕ್ಷೆ ಬರೆದ ಹಾಗೆ ನೇರವಾಗಿ ಬರುವುದು ಕುಸಿತದ ಬಿರುಕು. ನೀರು ಹೆಚ್ಚಾದ ಕಾಂಕ್ರೀಟಿನಲ್ಲಿ ಭಾರದ ಜಲ್ಲಿ ಕೆಳಗಿಳಿದು ನೀರು ಮೇಲೇಳುತ್ತದೆ. ಕಂಬಿಯ ಆಚೀಚೆ ಕಾಂಕ್ರೀಟ್ ಕುಸಿಯುತ್ತದೆ, ಕಂಬಿಯ ಮೇಲಿನದು ಕುಸಿಯಲಾರದೆ ಸೀಳುತ್ತದೆ. ಸುರಿದ ಹತ್ತು ನಿಮಿಷದಿಂದ ಮೂರು ಗಂಟೆಯೊಳಗೆ ಕಾಣಿಸುತ್ತದೆ.

ಇನ್ನೊಂದು ಬೇಸಿಗೆಯ ಕೆರೆಯಂಗಳದ ಹಾಗೆ, ಇಲ್ಲವೇ ಓರೆಯಾಗಿ ಒಂದಕ್ಕೊಂದು ಸಮಾನಾಂತರವಾಗಿ ಬರುವುದು. ಒಣಗಿ ಕುಗ್ಗಿದ ಬಿರುಕು. ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಬರುತ್ತದೆ. ಕೆಳಗಿನಿಂದ ನೀರು ಮೇಲೇರುವ ವೇಗಕ್ಕಿಂತ ಗಾಳಿ ಅದನ್ನು ಕುಡಿಯುವ ವೇಗ ಹೆಚ್ಚಾದರೆ ಇದು ಖಚಿತ. ಚದರ ಮೀಟರಿಗೆ ಗಂಟೆಗೆ ಒಂದು ಲೀಟರ್ ಆವಿಯಾಗುತ್ತಿದ್ದರೆ ಅಪಾಯ ಎಂದು ಎಂಜಿನಿಯರುಗಳ ಲೆಕ್ಕ. ಹತ್ತು ಚದರದ ತಾರಸಿಯಿಂದ ಗಂಟೆಗೆ ಅರ್ಧ ಡ್ರಮ್ ನೀರು ಮಾಯವಾದಂತೆ.

ರಾಯಚೂರು, ಬಳ್ಳಾರಿ, ಕಲಬುರಗಿಯ ಏಪ್ರಿಲ್ ಮೇ ತಿಂಗಳಲ್ಲಿ ಇದು ಬರುವುದು ಎಲ್ಲರಿಗೂ ಗೊತ್ತು, ಅಲ್ಲಿನವರು ಹುಷಾರಾಗಿಯೂ ಇರುತ್ತಾರೆ. ಮೋಸ ಹೋಗುವವರು ಹಳೇ ಮೈಸೂರು ಕಡೆಯವರು. ಆಷಾಢದಲ್ಲಿ ಮೋಡ ಮುಸುಕಿ ತಂಪಾಗಿದೆ, ಬಿಸಿಲೇ ಇಲ್ಲ, ಒಳ್ಳೆಯದಾಯಿತು ಎಂದುಕೊಳ್ಳುತ್ತಾರೆ. ಆಷಾಢದ ಗಾಳಿಯನ್ನು ಮರೆಯುತ್ತಾರೆ. ಗಾಳಿಯೇ ಇಲ್ಲದ ದಿನಕ್ಕೆ ಹೋಲಿಸಿದರೆ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿಯಲ್ಲಿ ನೀರು ಐದಾರು ಪಟ್ಟು ಬೇಗ ಆರುತ್ತದೆ. ಬಿಸಿಲಿಗಿಂತ ಗಾಳಿಗೇ ಹೆಚ್ಚು ಹೆದರಬೇಕು.

ಉಪಾಯ ದುಬಾರಿಯಲ್ಲ. ಹಾಕುವ ಮೊದಲು ಹಲಗೆಯನ್ನು ನೀರು ನಿಲ್ಲದಂತೆ ನೆನೆಸಿ. ಬೇಸಿಗೆಯಲ್ಲಿ ಬೆಳಗಿನ ಜಾವ ಶುರು ಮಾಡಿ, ಜಲ್ಲಿ ರಾಶಿಗೆ ನೀರು ಚಿಮುಕಿಸಿ ನೆರಳು ಮಾಡಿ. ಗಾಳಿ ಬರುವ ಕಡೆ ಒಂದಾಳೆತ್ತರದ ಟಾರ್ಪಾಲ್ ಕಟ್ಟಿ. ಒಂದು ಪಟ್ಟಿ ಸಮ ಮಾಡಿ ಮುಗಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಡೀ ತಾರಸಿ ಮುಗಿಯಲಿ ಎಂದು ಕಾಯಬೇಡಿ. ಬಿರುಕು ಕಂಡೇಬಿಟ್ಟಿತೇ? ಹೆಬ್ಬೆರಳು ಒತ್ತಿದರೆ ಅಚ್ಚು ಬೀಳುವಷ್ಟು ಹಸಿಯಿದ್ದರೆ ಮರದ ತಟ್ಟುಹಲಗೆಯಿಂದ ಬಲವಾಗಿ ಒತ್ತಿ ಉಜ್ಜಿದರೆ ಎರಡೂ ಬಗೆಯ ಬಿರುಕು ಕೂಡಿಕೊಳ್ಳುತ್ತವೆ. ಆ ಹೊತ್ತು ಮೀರಿದರೆ ಮೇಲೆ ಸಿಮೆಂಟ್ ಬಳಿದು ಕಣ್ಣಿಗೆ ಮರೆಮಾಡಬಹುದು, ಅಷ್ಟೆ. ಆದ್ದರಿಂದ ಮಟ್ಟ ಮಾಡುವ ಇಬ್ಬರನ್ನು ಸಂಜೆವರೆಗೆ ಕಳಿಸಬೇಡಿ. ಅವರ ಓವರ್‌ಟೈಮ್ ಕೊಟ್ಟದ್ದು ವ್ಯರ್ಥವಾಗುವುದಿಲ್ಲ.

ಮೇಲೆ ನೀರು ನಿಂತಿದೆ ಎಂದು ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ನುಣ್ಣಗೆ ಮಾಡುವುದು ನಮ್ಮಲ್ಲಿ ಕಲೆಯಂತೆ ನಡೆಯುತ್ತದೆ. ನೋಡಲು ಕನ್ನಡಿ. ವರ್ಷದೊಳಗೆ ಜೇಡರ ಬಲೆಯಂಥ ಬಿರುಕು, ಗುಡಿಸಿದಷ್ಟೂ ಏಳುವ ಬೂದು ಧೂಳು, ಹಪ್ಪಳದಂತೆ ಏಳುವ ಸಿಪ್ಪೆ. ನೀರು ತಾನೇ ಆರುವವರೆಗೆ ಕಾಯಬೇಕು, ಇಲ್ಲವೇ ಹಗ್ಗವನ್ನೋ ಗೋಣಿಯನ್ನೋ ಎಳೆದು ನೀರನ್ನು ಹೊರತೆಗೆಯಬೇಕು. ಮಳೆ ಬಿದ್ದು ಮೇಲ್ಮೈ ತೊಳೆದುಹೋದಾಗಲೂ ಒಣ ಸಿಮೆಂಟ್ ಉದುರಿಸಬಾರದು.

ಕೆಳಗೆ ಬಗ್ಗಿ ನೋಡುವುದು

ಹತ್ತು ಚದರದ, ಐದು ಇಂಚು ದಪ್ಪದ ತಾರಸಿ, ಬೀಮು ಬಿಟ್ಟು ಬರೀ ಹಾಸು ಸುಮಾರು 29 ಟನ್. ಆರೇಳು ದೊಡ್ಡ ಆನೆಗಳನ್ನು ನೀಲಗಿರಿ ಗಳಗಳ ಮೇಲೆ ನಿಲ್ಲಿಸಿದಂತೆ. ಗಳ ಊರಿರುವುದು ಮೊನ್ನೆ ತುಂಬಿದ ಮಣ್ಣಿನ ಮೇಲಾದರೆ, ಮೇಲಿಂದ ಸೋರುವ ನೀರಿಗೆ ಮಣ್ಣು ಮೆತ್ತಗಾಗಿ ಕೂರುತ್ತದೆ, ತಾರಸಿ ಜೋಲುತ್ತದೆ. ಪ್ರತಿ ಗಳದ ಬುಡಕ್ಕೆ ಹಲಗೆ ತುಂಡು ಇರಲಿ. ಕಾಂಕ್ರೀಟ್ ಬೀಳುವಾಗ ಒಬ್ಬ ಬಡಗಿ ಕೆಳಗೆ ಓಡಾಡುತ್ತ ಬೆಣೆ ಬಿಗಿಯುತ್ತಿರಬೇಕು.

ಕಂಬಿಯ ಕೆಳಗೆ ಜಲ್ಲಿ ಚೂರು ಕೊಟ್ಟು ಎತ್ತರಿಸುವುದನ್ನು ಬಿಡಿಸಿ, ಅಳತೆಯ ಕವರ್ ಬ್ಲಾಕ್ ಕೊಡಿಸಿ. ಸಾಮಾನ್ಯ ವಾತಾವರಣದಲ್ಲಿ ತಾರಸಿಗೆ 20, ಪಿಲ್ಲರಿಗೆ 40, ತಳಪಾಯಕ್ಕೆ 50 ಮಿಲಿಮೀಟರ್. ಸಜ್ಜಾ, ಬಾಲ್ಕನಿಗಳಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಹೊತ್ತವರು ಅದನ್ನೇ ತುಳಿದು ಓಡಾಡಿದರೆ ಅದು ತಳ ಸೇರುತ್ತದೆ, ಸೇರಿದ್ದು ಯಾರಿಗೂ ಕಾಣುವುದಿಲ್ಲ. ಕೆಳಗಿನ ಹಲಗೆ ತೆಗೆದ ಕೂಡಲೇ ಮುರಿದು ಬೀಳುವ ಸಜ್ಜಾಗಳ ಕಾರಣ ಬಹುಪಾಲು ಇದೇ. ಓಡಾಡಲು ಹಲಗೆ ಹಾಸಿ, ಮೇಲಿನ ಕಂಬಿ ಕೆಳಗಿಳಿಯದಂತೆ ಬಗ್ಗಿಸಿದ ಕಂಬಿಯ ‘ಕುರ್ಚಿ’ ಕೊಡಿ.

ಕರಾವಳಿಯವರಿಗೆ ಒಂದು ಮಾತು. ಏಪ್ರಿಲ್ ಹೊತ್ತಿಗೆ ಬಾವಿ ನೀರು ಉಪ್ಪಾಗುವ ಊರುಗಳಲ್ಲಿ ಅದರಿಂದ ಕಲಸಬೇಡಿ. ಕಂಬಿ ಇರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಈಗ ಧಾರಾಳವಾಗಿ ನೀರು

ಕಲಸುವಾಗ ಲೆಕ್ಕ ಹಿಡಿದ ನೀರನ್ನು ಈಗ ಕೈಬಿಚ್ಚಿ ಕೊಡಬೇಕು. ನಾವು ಕೊಳ್ಳುವ ಸಿಮೆಂಟಿನ ಚೀಲದ ಮೇಲೆ ಬಹಳ ಸಲ ಪಿಪಿಸಿ ಎಂದೋ ಪಿಎಸ್‌ಸಿ ಎಂದೋ ಇರುತ್ತದೆ, ಅಂದರೆ ಹಾರುಬೂದಿ ಇಲ್ಲವೇ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತದ್ದು. ಇವು ನಿಧಾನಕ್ಕೆ ಬಲಗೊಳ್ಳುವಂಥವು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಎನ್ನುವ ಸಂಹಿತೆಯೇ ಇವಕ್ಕೆ ಕನಿಷ್ಠ 10 ದಿನ, 14 ದಿನವಾದರೆ ಒಳ್ಳೆಯದು ಎನ್ನುತ್ತದೆ. ‘ಮೂರು ದಿನ ನೀರು ಹೊಡೆದ್ವಿ ಸಾರ್’ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಹಾಕಿದ ಸಂಜೆಯೇ, ಬೆರಳೊತ್ತಿದರೆ ಅಚ್ಚು ಬೀಳದಷ್ಟು ಗಟ್ಟಿಯಾದ ಮೇಲೆ, ಒದ್ದೆ ಗೋಣಿ ಹಾಸಿ. ಮರುದಿನ ತೆಳು ಗಾರೆಯಲ್ಲಿ ಗದ್ದೆಯಂತೆ ಬದು ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ಒಮ್ಮೆ ಒದ್ದೆ ಒಮ್ಮೆ ಒಣ ಆಗುವುದೂ ಕೆಟ್ಟದ್ದೇ. ಮಲೆನಾಡಿನಲ್ಲಿ ಮಳೆಯೇ ನೀರು ಹಾಕುತ್ತದೆ ಎಂದು ಸುಮ್ಮನಿರುವವರು ಮಳೆ ಬಿಡುವು ಕೊಟ್ಟ ದಿನ ಮರೆತುಬಿಡುತ್ತಾರೆ. ತಾರಸಿಯಾದರೂ ನೀರು ಕಾಣುತ್ತದೆ, ಪಿಲ್ಲರುಗಳು ಅನಾಥ. ಬೆಳಿಗ್ಗೆ ಸಂಜೆ ಪೈಪಿನಲ್ಲಿ ಹೊಡೆದ ನೀರು ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದೆ. ಗೋಣಿಚೀಲ ಸುತ್ತಿ ಹುರಿಯಲ್ಲಿ ಕಟ್ಟಿ, ಮೇಲಿಂದ ನೆನೆಸುತ್ತಿರಿ.

ಗಳ ತೆಗೆಯಲು ಅವಸರ ಬೇಡ. ಸೆಂಟ್ರಿಂಗ್ ಸಾಮಾನು ಇನ್ನೊಂದು ಸೈಟಿಗೆ ಬೇಕಾಗಿರುತ್ತದೆ, ಒತ್ತಾಯ ಬಂದೇ ಬರುತ್ತದೆ. ಸಾದಾ ಸಿಮೆಂಟಿನ ಲೆಕ್ಕದಲ್ಲೇ ನಾಲ್ಕೂವರೆ ಮೀಟರಿನೊಳಗಿನ ತಾರಸಿಗೆ 7 ದಿನ, ಅದಕ್ಕಿಂತ ಅಗಲವಾದದ್ದಕ್ಕೆ 14 ದಿನ. ಬೀಮಿನ ಕೆಳಗಿನ ಗಳ ಆರು ಮೀಟರಿನವರೆಗೆ 14 ದಿನ, ಮೀರಿದರೆ 21. ಪಿಪಿಸಿ ಆದರೆ ಇನ್ನೂ ಎಷ್ಟು ಎಂದು ಎಂಜಿನಿಯರನ್ನು ಕೇಳಿ.

ಮೇಸ್ತ್ರಿಯ ಜೊತೆ ಮಾಡಿಕೊಳ್ಳುವ ಒಪ್ಪಂದದ ಕಾಗದದಲ್ಲಿ ಇನ್ನೊಂದು ಸಾಲು ಬರೆಸಿ: ಮನೆಯವರು ಅಥವಾ ಎಂಜಿನಿಯರ್ ನೋಡುವ ಮೊದಲು ಹಲಗೆ ಬಿಚ್ಚಿದ ಯಾವ ಜಾಗಕ್ಕೂ ಗಾರೆ ಮೆತ್ತುವಂತಿಲ್ಲ. ಆ ಸಾಲಿಗೆ ಸಹಿ ಹಾಕಲು ತಕರಾರು ಮಾಡಿದ ಮೇಸ್ತ್ರಿಯನ್ನು ನಾನು ಇದುವರೆಗೆ ಕಂಡಿಲ್ಲ. ಸಹಿ ಹಾಕಿದ ಮೇಲೆ ವೈಬ್ರೇಟರ್ ಹಿಡಿಯುವ ರೀತಿ ಮಾತ್ರ ಬದಲಾಗಿದ್ದನ್ನು ಕಂಡಿದ್ದೇನೆ.